ಒಂದು ಎಕರೆ ಕಬ್ಬಿನ ಇಂಗಾಲದ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಗ್ರಾಮಮುಖ್ಯರ ಹಾಗೂ ಹಿಡುವಳಿದಾರರ ಅವಗಾಹನೆಗಾಗಿ

ಬೆಳಗಾವಿ ಜಿಲ್ಲೆಯ ಈ ಐದು ತಾಲೂಕುಗಳು ಕಬ್ಬಿನ ಬೆಳೆಗೆ ಹೆಸರಾದವು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು, ಆಳವಾದ ಎರೆ ಭೂಮಿ, ಸಮೀಪದಲ್ಲಿಯೇ ಇರುವ ಸಕ್ಕರೆಯ ಕಾರಖಾನೆಗಳು, ಈ ಮೂರು ಅನುಕೂಲತೆಗಳು ಕೂಡಿದ್ದರಿಂದ ಇಲ್ಲಿಯ ಒಕ್ಕಲುತನವು ಬೇರೆ ಕಡೆಗಿಂತ ಹೆಚ್ಚು ಹಣವನ್ನು ಕಂಡಿದೆ. ಆದರೆ ಇದೇ ಪ್ರದೇಶವು ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಮಹಾಪೂರಕ್ಕೆ ಸಿಕ್ಕಿ, ನದೀತೀರದ ಬೆಳೆಯು ನೀರಿನಲ್ಲಿ ನಿಂತು ಕೊಳೆಯಿತು. ೨೦೨೩ರಲ್ಲಿ ರಾಜ್ಯದ ಬಹುಭಾಗಕ್ಕೆ ಬರಗಾಲವು ಬಂದೊದಗಿತು. ಇಂತಹ ಒಂದು ಪೂರವನ್ನಾಗಲಿ ಒಂದು ಬರವನ್ನಾಗಲಿ ಒಂದೇ ಕಾರಣಕ್ಕೆ ಗಂಟುಹಾಕುವುದು ಯುಕ್ತವಲ್ಲ. ಆದರೂ ಭೂಮಂಡಲದ ಶಾಖವು ಏರಿದಂತೆ ಭಾರಿ ಮಳೆಗಳೂ ದೀರ್ಘವಾದ ಒಣ ದಿನಗಳೂ ಹೆಚ್ಚುವವೆಂಬುದನ್ನು ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆ. ೧೮೫೦ರಿಂದ ೧೯೦೦ರ ವರೆಗಿನ ಕಾಲಕ್ಕೆ ಹೋಲಿಸಿದರೆ ೨೦೧೧ರಿಂದ ೨೦೨೦ರ ವರೆಗಿನ ಹತ್ತು ವರ್ಷಗಳಲ್ಲಿ ಭೂಮಿಯ ಸರಾಸರಿ ಶಾಖವು ಸುಮಾರು ೧.೧ ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು. ಹವೆಯನ್ನು ನಂಬಿ ಬದುಕುವ ಒಕ್ಕಲಿಗನಿಗೆ ಇದು ದೂರದ ಸಂಗತಿಯಲ್ಲ.

ಈ ಶಾಖಕ್ಕೆ ಮುಖ್ಯ ಕಾರಣವು ದೊಡ್ಡ ದೊಡ್ಡ ದೇಶಗಳ ಕಲ್ಲಿದ್ದಲು ಮತ್ತು ಎಣ್ಣೆಯ ಹೊಗೆಯೆಂಬುದು ನಿಜ. ಹಾಗಾದರೆ ಒಂದು ಹಳ್ಳಿಯ ಹೊಲದಲ್ಲಿ ಮಾಡತಕ್ಕದ್ದೇನಿದೆ ಎಂದು ಕೇಳಬಹುದು. ಇದಕ್ಕೆ ಉತ್ತರವು ಸರಳವಾದುದು. ಹೊಲದಿಂದ ಹವೆಗೆ ಹಾರಿಹೋಗುವ ವಾಯುವಿನ ಬಹುಭಾಗವು ರೈತನು ಹಣ ಕೊಟ್ಟು ತಂದ ಗೊಬ್ಬರ, ರೈತನ ಭೂಮಿಯ ಕಸುವು, ರೈತನ ಬಾವಿಯ ನೀರು, ಇವುಗಳ ನಷ್ಟವೇ ಆಗಿದೆ. ಹೊಗೆಯ ಲೆಕ್ಕವನ್ನು ಸರಿಪಡಿಸಲು ಹೊರಟವನು ಮೊದಲು ತನ್ನ ಮನೆಯ ಲೆಕ್ಕವನ್ನೇ ಸರಿಪಡಿಸಿಕೊಳ್ಳುವನು.

೧. ಇಂಗಾಲದ ಹೆಜ್ಜೆಗುರುತು ಎಂದರೇನು?

ಒಬ್ಬ ಮನುಷ್ಯನ, ಒಂದು ಹೊಲದ ಅಥವಾ ಒಂದು ಕಾರಖಾನೆಯ ಕೆಲಸದಿಂದ ಶಾಖವನ್ನು ಹಿಡಿದಿಡುವ ವಾಯುಗಳು ಎಷ್ಟು ಪ್ರಮಾಣದಲ್ಲಿ ಹವೆಯನ್ನು ಸೇರುವವೋ ಆ ಒಟ್ಟು ಮೊತ್ತಕ್ಕೆ ಇಂಗಾಲದ ಹೆಜ್ಜೆಗುರುತು ಎನ್ನುವರು. ಈ ವಾಯುಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ಇಂಗಾಲಾಮ್ಲ ವಾಯು. ಇದು ಕಟ್ಟಿಗೆ, ಕಲ್ಲಿದ್ದಲು, ಡೀಸೆಲ್ ಮುಂತಾದವುಗಳು ಉರಿಯುವಾಗ ಹುಟ್ಟುವುದು. ಎರಡನೆಯದು ಮಿಥೇನ್. ಇದು ದನಕರುಗಳ ಮೆಲುಕಿನಿಂದಲೂ, ಗಾಳಿಯಾಡದ ತಿಪ್ಪೆಯಿಂದಲೂ, ಅರೆಬರೆ ಉರಿದ ಕಸದಿಂದಲೂ ಹೊರಡುವುದು. ಮೂರನೆಯದು ನೈಟ್ರಸ್ ಆಕ್ಸೈಡ್. ಇದು ಸಾರಜನಕದ ಗೊಬ್ಬರವು ಭೂಮಿಯಲ್ಲಿ ಮಾರ್ಪಡುವಾಗ ಹುಟ್ಟುವುದು.

ಈ ಮೂರರ ಬಲವು ಒಂದೇ ಸಮನಾಗಿಲ್ಲ. ನೂರು ವರ್ಷಗಳ ಅವಧಿಯನ್ನು ಹಿಡಿದು ನೋಡಿದರೆ, ಒಂದು ಕಿಲೋ ಮಿಥೇನ್ ವಾಯುವು ಸುಮಾರು ೨೭ ಕಿಲೋ ಇಂಗಾಲಾಮ್ಲಕ್ಕೂ, ಒಂದು ಕಿಲೋ ನೈಟ್ರಸ್ ಆಕ್ಸೈಡ್ ವಾಯುವು ಸುಮಾರು ೨೭೩ ಕಿಲೋ ಇಂಗಾಲಾಮ್ಲಕ್ಕೂ ಸಮನಾಗಿ ಶಾಖವನ್ನು ಹಿಡಿಯುವುವು. ಬೇರೆ ಬೇರೆ ನಾಣ್ಯಗಳನ್ನು ರೂಪಾಯಿಗೆ ತಂದು ಖಾತೆ ಬರೆಯುವಂತೆ, ಎಲ್ಲ ವಾಯುಗಳನ್ನೂ ಇಂಗಾಲಾಮ್ಲದ ತೂಕಕ್ಕೆ ತಂದು ಈ ಲೆಕ್ಕವನ್ನು ಬರೆಯುವುದು ವಾಡಿಕೆ.

೨. ಎಕರೆಯ ಲೆಕ್ಕ

ಉದಾಹರಣೆಗಾಗಿ ಒಂದು ಎಕರೆ ನೀರಾವರಿ ಕಬ್ಬನ್ನು ತೆಗೆದುಕೊಳ್ಳಬಹುದು. ಅದಕ್ಕೆ ೪೫ ಕಿಲೋ ತೂಕದ ೫ ಚೀಲ ಯೂರಿಯಾ ಹಾಕಿದ್ದಾರೆಂದೂ, ೫ ಅಶ್ವಶಕ್ತಿಯ ಪಂಪು ವರ್ಷದಲ್ಲಿ ಒಟ್ಟು ೧೫೦ ತಾಸು ನಡೆದಿದೆಯೆಂದೂ, ಟ್ರ್ಯಾಕ್ಟರಿಗೆ ೩೦ ಲೀಟರ್ ಡೀಸೆಲ್ ತಗಲಿದೆಯೆಂದೂ, ಕಟಾವಿನ ತರುವಾಯ ಸುಮಾರು ೪ ಟನ್ ರವದಿಯನ್ನು ಸುಟ್ಟಿದ್ದಾರೆಂದೂ ಭಾವಿಸೋಣ. ಆಗ ಲೆಕ್ಕವು ಸ್ಥೂಲವಾಗಿ ಹೀಗಾಗುವುದು:

ಯೂರಿಯಾ, ೫ ಚೀಲ — ೬೦೦ ಕಿಲೋ
ಪಂಪಿನ ವಿದ್ಯುತ್ತು, ೬೦೦ ಯೂನಿಟ್ — ೪೨೦ ಕಿಲೋ
ರವದಿ ಸುಟ್ಟದ್ದು, ೪ ಟನ್ — ೨೭೫ ಕಿಲೋ
ಡೀಸೆಲ್, ೩೦ ಲೀಟರ್ — ೮೦ ಕಿಲೋ
ಒಟ್ಟು — ೧,೩೭೫ ಕಿಲೋ

ಹೊಲಹೊಲಕ್ಕೆ ಈ ಅಂಕಿಗಳು ಬದಲಾಗುವುವು. ಆದರೆ ಇದರಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಹೊಗೆಯೆಂದೊಡನೆ ಎಲ್ಲರ ಕಣ್ಣೂ ಟ್ರ್ಯಾಕ್ಟರಿನ ಮೇಲೆ ಬೀಳುವುದು. ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಕೆಳಗಿದೆ. ಎಲ್ಲಕ್ಕಿಂತ ಮೇಲಿರುವುದು ಹೊಗೆಯನ್ನೇ ಕಾಣಿಸದ ಯೂರಿಯಾ ಚೀಲ. ಆದುದರಿಂದ ಕಣ್ಣಿಗೆ ಕಂಡದ್ದನ್ನಷ್ಟೇ ನಂಬದೆ ಒಂದೊಂದು ಬಾಬನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು.

೩. ರವದಿಯನ್ನು ಸುಡಬಾರದು

ರವದಿಯು ಉರಿಯುವಾಗ ಹೊರಡುವ ಇಂಗಾಲಾಮ್ಲವನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ. ಅದು ಅದೇ ವರ್ಷ ಕಬ್ಬಿನ ಎಲೆಯು ಹವೆಯಿಂದಲೇ ಹೀರಿಕೊಂಡದ್ದು; ಹವೆಯದನ್ನು ಹವೆಗೆ ಹಿಂದಿರುಗಿಸಿದಂತಾಯಿತು. ಆದರೆ ಹೊಲದ ಬೆಂಕಿಯು ಒಲೆಯ ಬೆಂಕಿಯಂತೆ ಪೂರ್ಣವಾಗಿ ಉರಿಯುವುದಿಲ್ಲ. ಅದರಿಂದ ಮಿಥೇನ್, ನೈಟ್ರಸ್ ಆಕ್ಸೈಡ್ ಮತ್ತು ಕಪ್ಪು ಮಸಿಯ ಕಣಗಳು ಹೊರಡುವುವು. ಇವು ಹೊಸದಾಗಿ ಹವೆಗೆ ಬಿದ್ದ ಭಾರವಾಗಿದೆ.

ಇದಕ್ಕಿಂತ ದೊಡ್ಡ ನಷ್ಟವು ಭೂಮಿಯದು. ಒಂದು ಎಕರೆಯಲ್ಲಿ ಸಾಧಾರಣವಾಗಿ ೩ರಿಂದ ೪ ಟನ್ ಒಣ ರವದಿಯು ಉಳಿಯುವುದು. ೪ ಟನ್ ರವದಿಯಲ್ಲಿ ಸುಮಾರು ೧೪ ಕಿಲೋ ಸಾರಜನಕವೂ ಸುಮಾರು ೨೦ ಕಿಲೋ ಪೊಟ್ಯಾಷೂ ಇರುವುವು. ಬೆಂಕಿ ಹಚ್ಚಿದೊಡನೆ ಸಾರಜನಕವು ಬಹುತೇಕ ಪೂರ್ತಿಯಾಗಿ ಹಾರಿಹೋಗುವುದು. ಪೊಟ್ಯಾಷು ಬೂದಿಯಲ್ಲಿ ಉಳಿದರೂ ಗಾಳಿಗೆ ತೂರಿ, ನೀರಿಗೆ ಕೊಚ್ಚಿ, ಅದರ ಬಹುಪಾಲು ಒಡೆಯನ ಹೊಲದಲ್ಲಿ ನಿಲ್ಲುವುದಿಲ್ಲ. ಮೇಲ್ಮಣ್ಣಿನ ಎರೆಹುಳುಗಳೂ ಸೂಕ್ಷ್ಮಜೀವಿಗಳೂ ಬೆಂದುಹೋಗುವುವು. ಕುಳೆಯ ಮೊಳಕೆಗಳಿಗೂ ಬಿಸಿ ತಗಲುವುದು. ಬೆಂಕಿಯು ಬದುವನ್ನು ದಾಟಿ ನೆರೆಯವನ ನಿಂತ ಬೆಳೆಗೆ ಹತ್ತಿದರೆ ಆಗುವ ಹಾನಿಯನ್ನೂ, ಅದರಿಂದ ಊರಿನಲ್ಲಿ ಬೆಳೆಯುವ ದ್ವೇಷವನ್ನೂ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ರೈತರು ರವದಿಯನ್ನು ಸುಡುವುದಕ್ಕೆ ಕಾರಣಗಳಿಲ್ಲದೆ ಇಲ್ಲ. ಸಾಲಿನಲ್ಲಿ ನೀರು ಸರಾಗವಾಗಿ ಹರಿಯದು, ಎಡೆ ಹೊಡೆಯಲು ಬಾರದು, ಇಲಿಗಳು ಹೆಚ್ಚುವುವು, ಕೂಲಿಯಾಳು ಸಿಕ್ಕುವುದಿಲ್ಲ, ಹಾವಿನ ಅಂಜಿಕೆ ಎಂದು ಅವರು ಹೇಳುವರು. ಇವು ಸುಳ್ಳಲ್ಲ. ಆದರೆ ಇವುಗಳಿಗೆ ಪರಿಹಾರವುಂಟು. ಅದರ ಕ್ರಮವು ಈ ರೀತಿಯಾಗಿದೆ:

(ಅ) ಕಬ್ಬನ್ನು ನೆಲಕ್ಕೆ ಸಮನಾಗಿ ಕಡಿಸಬೇಕು. ಉಳಿದ ಕೊಳೆಗಳನ್ನು ಕೂಡಲೇ ಸವರಬೇಕು.

(ಆ) ಬುಡದ ಮೇಲೆ ಬಿದ್ದ ರವದಿಯನ್ನು ಸರಿಸಿ ಸಾಲಿನೊಳಗೆ ಹರಡಬೇಕು. ಬುಡಕ್ಕೆ ಬಿಸಿಲು ತಗಲಿದರೆ ಕುಳೆಯು ಚೆನ್ನಾಗಿ ಚಿಗುರುವುದು. ನೀರು ಹರಿಯುವುದಕ್ಕೆ ತೊಂದರೆಯಾಗುವಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿಯನ್ನು ತುಂಬಬಹುದು.

(ಇ) ಟ್ರ್ಯಾಕ್ಟರಿಗೆ ಜೋಡಿಸುವ ರವದಿ ಪುಡಿ ಮಾಡುವ ಯಂತ್ರವು ದೊರೆತರೆ ಅದನ್ನು ಉಪಯೋಗಿಸಬೇಕು. ಪುಡಿಯಾದ ರವದಿಯು ಬೇಗನೆ ಕೊಳೆಯುವುದು, ಇಲಿಗೂ ಆಸರೆಯಾಗದು.

(ಈ) ಪ್ರತಿ ಟನ್ ರವದಿಗೆ ೮ ಕಿಲೋ ಯೂರಿಯಾ, ೧೦ ಕಿಲೋ ಸೂಪರ್ ಫಾಸ್ಫೇಟ್ ಮತ್ತು ಕೊಳೆಸುವ ಜೀವಾಣುಗಳ ಪುಡಿ ೧ ಕಿಲೋ ಇವುಗಳನ್ನು ಎರಚಿ ನೀರು ಹಾಯಿಸಬೇಕು. ಈ ಯೂರಿಯಾ ವ್ಯರ್ಥವಾಗುವುದಿಲ್ಲ. ಜೀವಾಣುಗಳು ಅದನ್ನು ತಮ್ಮ ಶರೀರದಲ್ಲಿ ಹಿಡಿದಿಟ್ಟುಕೊಂಡು ಮುಂದೆ ಬೆಳೆಗೆ ಬಿಟ್ಟುಕೊಡುವುವು.

ರವದಿಯ ಹೊದಿಕೆಯಿಂದ ಕಸವು ಅಡಗುವುದು, ನೆಲದ ಹಸಿಯು ಆರದೆ ನಿಲ್ಲುವುದು, ನೀರಿನ ಸರದಿಗಳು ಕಡಮೆಯಾಗುವುವು. ಕೊಳೆಯುವಾಗಲೂ ಅಲ್ಪಸ್ವಲ್ಪ ವಾಯುವು ಹೊರಡುವುದು ನಿಜ. ಆದರೆ ಅದು ಸುಟ್ಟಾಗಿನದಕ್ಕಿಂತ ಎಷ್ಟೋ ಕಡಮೆ. ಕಬ್ಬಿನ ಮೇಲ್ತುದಿಯ ಹಸಿ ಸೋಗೆಯು ದನಗಳಿಗೆ ಮೇವು. ಅದನ್ನು ರವದಿಯೊಡನೆ ಕೆಡಿಸಬಾರದು. ಕಡಿಯುವ ಮೊದಲೇ ನಿಂತ ಕಬ್ಬಿಗೆ ಬೆಂಕಿ ಹಚ್ಚುವ ಪದ್ಧತಿಯಂತೂ ಪೂರ್ಣವಾಗಿ ನಿಲ್ಲತಕ್ಕದ್ದು. ಸುಟ್ಟ ಕಬ್ಬು ತೂಕವನ್ನೂ ಸಕ್ಕರೆಯ ಅಂಶವನ್ನೂ ಬೇಗನೆ ಕಳೆದುಕೊಳ್ಳುವುದರಿಂದ ನಷ್ಟವು ಬೆಳೆದವನಿಗೂ ಕಾರಖಾನೆಗೂ ಸಮನಾಗಿ ತಗಲುವುದು.

೪. ಯೂರಿಯಾ

ಒಂದು ಚೀಲ ಯೂರಿಯಾದಲ್ಲಿ ಸುಮಾರು ೨೦.೭ ಕಿಲೋ ಸಾರಜನಕವಿರುವುದು. ಭೂಮಿಗೆ ಹಾಕಿದ ಸಾರಜನಕದಲ್ಲಿ ಸರಾಸರಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹವೆಗೆ ಹೋಗುವುದೆಂದು ಅಂತರರಾಷ್ಟ್ರೀಯ ಲೆಕ್ಕಪದ್ಧತಿಯಲ್ಲಿ ಹಿಡಿಯುವರು. ನೂರಕ್ಕೆ ಒಂದೆಂದರೆ ಅಲ್ಪವೆಂದು ತೋರುವುದು; ಆದರೆ ಆ ವಾಯುವಿನ ಬಲವು ೨೭೩ ಪಟ್ಟಾಗಿರುವುದರಿಂದ ಒಂದು ಚೀಲಕ್ಕೆ ಸುಮಾರು ೯೦ ಕಿಲೋ ಆಗುವುದು. ಯೂರಿಯಾ ಕರಗುವಾಗ ಅದರೊಳಗಿನ ಇಂಗಾಲವೇ ಇಂಗಾಲಾಮ್ಲವಾಗಿ ಹೊರಡುವುದು ಮತ್ತೆ ಸುಮಾರು ೩೩ ಕಿಲೋ. ಹೀಗೆ ಒಂದು ಚೀಲಕ್ಕೆ ೧೨೦ ಕಿಲೋಗೆ ಕಡಮೆಯಿಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಹೊರಡುವುದು ಸುಮಾರು ೨.೭ ಕಿಲೋ. ಅಂದರೆ ಒಂದು ಚೀಲ ಯೂರಿಯಾ ಚೆಲ್ಲುವುದೂ ಸುಮಾರು ೪೫ ಲೀಟರ್ ಡೀಸೆಲ್ ಸುಡುವುದೂ ಒಂದೇ. ಕಾರಖಾನೆಯಲ್ಲಿ ಯೂರಿಯಾವನ್ನು ತಯಾರಿಸಲು ಸುಟ್ಟ ಅನಿಲವನ್ನು ಇದರಲ್ಲಿ ಹಿಡಿದಿಲ್ಲ.

ಹಾಗೆಂದು ಯೂರಿಯಾವನ್ನು ಒಮ್ಮೆಲೇ ಬಿಟ್ಟುಬಿಡಬೇಕೆಂದು ಅರ್ಥವಲ್ಲ. ಕಬ್ಬು ಹಸಿವುಳ್ಳ ಬೆಳೆ. ನೀರಾವರಿ ಕಬ್ಬಿಗೆ ಹೆಕ್ಟೇರಿಗೆ ೨೫೦ ಕಿಲೋ ಸಾರಜನಕ, ಎಂದರೆ ಎಕರೆಗೆ ೧೦೦ ಕಿಲೋ, ಎಂಬುದು ಸಾಮಾನ್ಯವಾದ ಶಿಫಾರಸು. ಇದು ಸುಮಾರು ೫ ಚೀಲ ಯೂರಿಯಾಕ್ಕೆ ಸಮನು. ಬೇರೆ ಮಿಶ್ರಗೊಬ್ಬರವನ್ನು ಹಾಕಿದ್ದರೆ ಅದರೊಳಗಿನ ಸಾರಜನಕವನ್ನು ಇದರಲ್ಲಿ ಕಳೆಯಬೇಕು. ಹಲವರು ಮಿಶ್ರಗೊಬ್ಬರವನ್ನೂ ಹಾಕಿ, ನೆರೆಯವನ ಕಬ್ಬು ಹಸಿರಾಗಿ ಕಂಡಿತೆಂದು ಮೇಲೆ ಮತ್ತೆರಡು ಚೀಲ ಯೂರಿಯಾವನ್ನೂ ಚೆಲ್ಲುವರು. ಬೆಳೆಯು ತಿನ್ನಲಾರದ ಸಾರಜನಕವು ಒಂದು ಪಾಲು ಹವೆಗೆ, ಒಂದು ಪಾಲು ಬಾವಿಯ ನೀರಿಗೆ ಹೋಗುವುದಲ್ಲದೆ ಕಬ್ಬಿನ ತೂಕವಾಗಿ ಬರುವುದಿಲ್ಲ.

ಆದುದರಿಂದ ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರದ ಪ್ರಮಾಣವನ್ನು ಗೊತ್ತುಪಡಿಸಬಾರದು. ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲವು ನೂರಕ್ಕೆ ೦.೫ಕ್ಕಿಂತ ಕಡಮೆಯಿದ್ದರೆ ಭೂಮಿಯು ಬಡವಾಗಿದೆಯೆಂದೂ ೦.೭೫ಕ್ಕಿಂತ ಹೆಚ್ಚಿದ್ದರೆ ಪುಷ್ಟವಾಗಿದೆಯೆಂದೂ ತಿಳಿಯಬೇಕು. ಯೂರಿಯಾವನ್ನು ಮಣ್ಣಿನ ಮೇಲೆ ಎರಚದೆ ಬುಡದ ಬಳಿ ಮಣ್ಣಿನಲ್ಲಿ ಮುಚ್ಚಿ, ಮೂರು ನಾಲ್ಕು ಕಂತುಗಳಲ್ಲಿ ಕೊಡಬೇಕು. ಗೊಬ್ಬರ ಹಾಕಿದ ಬೆನ್ನಲ್ಲೇ ಹೊಲದಲ್ಲಿ ನೀರು ನಿಲ್ಲಿಸಬಾರದು. ನೀರು ನಿಂತ ಎರೆ ಭೂಮಿಯಲ್ಲಿಯೇ ನೈಟ್ರಸ್ ಆಕ್ಸೈಡ್ ಹೆಚ್ಚಾಗಿ ಹುಟ್ಟುವುದು. ಚಿಕ್ಕೋಡಿ, ನಿಪ್ಪಾಣಿಯ ಕಡೆಗೆ ಸೋಯಾಬೀನನ್ನು ಬೆಳೆಯುವ ರೂಢಿಯು ಚೆನ್ನಾಗಿ ಬೇರೂರಿದೆ. ದ್ವಿದಳ ಬೆಳೆಯ ಬೇರಿನ ಗಂಟುಗಳು ಹವೆಯ ಸಾರಜನಕವನ್ನು ಖರ್ಚಿಲ್ಲದೆ ಭೂಮಿಗೆ ತರುವುವು. ಕಬ್ಬಿಗೆ ಮೊದಲು ಸೋಯಾಬೀನ್, ಕಬ್ಬಿನ ಎಳೆಯ ಸಾಲುಗಳ ನಡುವೆ ಸೆಣಬು, ಈ ಕ್ರಮವನ್ನು ಎಲ್ಲರೂ ಅನುಸರಿಸಬಹುದು.

೫. ನೀರು ಮತ್ತು ಪಂಪು

೫ ಅಶ್ವಶಕ್ತಿಯ ಪಂಪು ತಾಸಿಗೆ ಸುಮಾರು ೪ ಯೂನಿಟ್ ವಿದ್ಯುತ್ತನ್ನು ತಿನ್ನುವುದು. ದೇಶದ ವಿದ್ಯುತ್ ಜಾಲದಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದಾಗಿರುವುದರಿಂದ ಪ್ರತಿ ಯೂನಿಟ್ಟಿಗೆ ಸರಾಸರಿ ಸುಮಾರು ೭೦೦ ಗ್ರಾಂ ಇಂಗಾಲಾಮ್ಲವು ಬೀಳುವುದು. ಕರ್ನಾಟಕದಲ್ಲಿ ೧೦ ಅಶ್ವಶಕ್ತಿಯ ವರೆಗಿನ ನೀರಾವರಿ ಪಂಪಿಗೆ ರೈತನು ಬಿಲ್ಲು ಕೊಡಬೇಕಾಗಿಲ್ಲ. ಈ ಕಾರಣದಿಂದ ಆಟೋ ಸ್ಟಾರ್ಟರ್ ಹಾಕಿ ಮಲಗಿದರೆ, ರಾತ್ರಿ ವಿದ್ಯುತ್ತು ಬಂದಾಗಲೆಲ್ಲ ಪಂಪು ತಾನೇ ನಡೆದು ನೀರು ಬದುವನ್ನು ಮೀರಿ ಹರಿಯುವುದು. ಬಿಲ್ಲು ಬಾರದಿದ್ದರೂ ಇದರ ಬೆಲೆಯನ್ನು ಕೊಡುವವನು ರೈತನೇ. ಕೃಷ್ಣೆಯ ದಂಡೆಯ ಅನೇಕ ಊರುಗಳಲ್ಲಿ ಒಳ್ಳೆಯ ಎರೆ ಭೂಮಿಯು ಸವಳು-ಜವಳಾಗಿ ಬಿಳಿಯ ಉಪ್ಪು ಮೇಲೆದ್ದು ಕುಳಿತಿರುವುದನ್ನು ಎಲ್ಲರೂ ಕಂಡಿದ್ದಾರೆ. ಇತ್ತ ಅಥಣಿ ತಾಲೂಕಿನ ಮಳೆ ಕಡಮೆಯಾದ ಹಳ್ಳಿಗಳಲ್ಲಿ ಅದೇ ನೀರಿಗಾಗಿ ಕೊಳವೆಬಾವಿಯನ್ನು ಆಳಕ್ಕೆ ಕೊರೆಯಿಸುವರು.

ಹನಿ ನೀರಾವರಿಯಿಂದ ಸಾಲಿನ ನೀರಾವರಿಗಿಂತ ನೂರಕ್ಕೆ ೩೦ರಿಂದ ೫೦ರಷ್ಟು ನೀರು ಉಳಿಯುವುದು. ಅದೇ ಕೊಳವೆಯ ಮೂಲಕ ಗೊಬ್ಬರವನ್ನೂ ಬುಡಕ್ಕೆ ಕೊಡಬಹುದಾಗಿದೆ. ಅದಕ್ಕೆ ಹಣ ಸಾಲದವರೂ ಮಾಡಬಹುದಾದ ಕೆಲಸಗಳಿವೆ. ಬಾವಿಯ ಆಳಕ್ಕೆ ತಕ್ಕ ಅಶ್ವಶಕ್ತಿಯ ಪಂಪನ್ನೇ ಕೂಡಿಸಬೇಕು, ಸೋರುವ ಫುಟ್ ವಾಲ್ವನ್ನೂ ಇಕ್ಕಟ್ಟಾದ ಪೈಪನ್ನೂ ಬದಲಾಯಿಸಬೇಕು, ಕೆಪಾಸಿಟರ್ ಹಾಕಿಸಬೇಕು. ಡೀಸೆಲ್ ಪಂಪು ಉಳ್ಳವರು ೨೦೧೯ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕುಸುಮ್ ಯೋಜನೆಯಲ್ಲಿ ಸೌರ ಪಂಪಿಗೆ ದೊರೆಯುವ ಸಹಾಯಧನದ ಸದ್ಯದ ನಿಯಮಗಳನ್ನು ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಬೇಕು. ಆದರೆ ಸೂರ್ಯನ ವಿದ್ಯುತ್ತು ಪುಕ್ಕಟೆಯೆಂದು ನೀರನ್ನು ಮಿತಿಮೀರಿ ಎತ್ತಿದರೆ ಅಂತರ್ಜಲವು ಇಳಿಯುವುದನ್ನು ಮರೆಯಬಾರದು.

೬. ಕೊಟ್ಟಿಗೆ ಮತ್ತು ಮನೆ

ನಾಲ್ಕೈದು ದನಗಳುಳ್ಳ ಮನೆಯಲ್ಲಿ ದಿನಕ್ಕೆ ೫೦ ಕಿಲೋ ಹೆಂಡಿ ಸಿಕ್ಕುವುದು. ಇಷ್ಟರಿಂದ ೨ ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರವು ನಡೆಯುವುದು. ತಿಂಗಳಿಗೆ ಸುಮಾರು ಒಂದೂವರೆ ಸಿಲಿಂಡರಿನಷ್ಟು ಉರುವಲು ಮನೆಗೆ ದೊರೆಯುವುದು. ಹೊರಬರುವ ರಾಡಿಯು ತಿಪ್ಪೆಯ ಗೊಬ್ಬರಕ್ಕಿಂತ ಉತ್ತಮವಾದುದು. ಹೆಂಡಿಯನ್ನು ಕುಳ್ಳು ತಟ್ಟಿ ಸುಟ್ಟರೆ ಗೊಬ್ಬರವೂ ಹೋಯಿತು, ಹೆಣ್ಣುಮಕ್ಕಳ ಕಣ್ಣಿಗೂ ಎದೆಗೂ ಹೊಗೆಯೂ ತುಂಬಿತು. ಒಂದು ಎಚ್ಚರಿಕೆಯಿರಬೇಕು: ಈ ಗ್ಯಾಸು ಬಹುಭಾಗ ಮಿಥೇನ್ ಆಗಿರುವುದರಿಂದ ಪೈಪು ಸೋರಿದರೆ ಉಪಕಾರವೆಲ್ಲ ಅಪಕಾರವಾಗುವುದು. ಬಿರುಕುಗಳನ್ನು ಆಗಿಂದಾಗ್ಗೆ ನೋಡಿಸಬೇಕು. ಬದುಗಳ ಮೇಲೆ ಬೇವು, ಹುಣಸೆ, ಮಾವು, ಹೊಂಗೆಗಳನ್ನು ನೆಟ್ಟರೆ ಅವು ಇಂಗಾಲವನ್ನು ಹಿಡಿಯುವುದರೊಡನೆ ನೆರಳನ್ನೂ ಉತ್ಪನ್ನವನ್ನೂ ಕೊಡುವುವು.

೭. ಕಾರಖಾನೆ ಮತ್ತು ಉದ್ದಿಮೆ

ಉದ್ದಿಮೆಗಳ ವಿಷಯದಲ್ಲಿ ಈ ಸೀಮೆಗೆ ಒಂದು ದೊಡ್ಡ ಅನುಕೂಲತೆಯುಂಟು. ಇಲ್ಲಿಯ ಮುಖ್ಯ ಕಾರಖಾನೆಗಳಿಗೆ ಉರುವಲು ಕಬ್ಬಿನಲ್ಲಿಯೇ ಬರುವುದು. ಒಂದು ಟನ್ ಕಬ್ಬನ್ನು ಅರೆದರೆ ಸುಮಾರು ೩೦೦ ಕಿಲೋ ಹಸಿ ಸಿಪ್ಪೆಯು ದೊರೆಯುವುದು. ಇದನ್ನೇ ಬಾಯ್ಲರಿನಲ್ಲಿ ಉರಿಸಿ, ಉಗಿಯಿಂದ ಯಂತ್ರಗಳನ್ನು ನಡೆಸಿ, ಉಳಿದ ವಿದ್ಯುತ್ತನ್ನು ಸರಕಾರದ ಜಾಲಕ್ಕೆ ಮಾರುವರು. ೧೯೩೯ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಕಾರಖಾನೆಯು ಈಗ ಹೀಗೆಯೇ ವಿದ್ಯುತ್ತನ್ನು ತಯಾರಿಸುತ್ತಿದೆ. ಕಬ್ಬು ಹವೆಯಿಂದ ಪಡೆದ ಇಂಗಾಲವೇ ಹವೆಗೆ ಹಿಂದಿರುಗುವುದರಿಂದ ಇದು ಕಲ್ಲಿದ್ದಲಿನ ಹೊಗೆಗೆ ಸಮನಲ್ಲ. ಸಿಪ್ಪೆಯು ಒಣಗಿದಷ್ಟೂ ಶಾಖವು ಹೆಚ್ಚು ದೊರೆಯುವುದು. ರಸ ಸೋಸಿದ ಮಡ್ಡಿಯನ್ನು ಕೊಳೆಸಿ ಹೊಲಕ್ಕೆ ಹಿಂದಿರುಗಿಸಬೇಕು. ಕಟಾವಿನ ಸರದಿಯನ್ನು ಸರಿಯಾಗಿ ಹಾಕಿದರೆ ಗಾಡಿಗಳು ದಿನಗಟ್ಟಲೆ ಸಾಲುಹಿಡಿದು ನಿಂತು ಎಂಜಿನನ್ನು ವ್ಯರ್ಥ ನಡೆಸುವುದೂ ಕಬ್ಬು ಒಣಗುವುದೂ ತಪ್ಪುವುವು.

ಬೆಲ್ಲದ ಗಾಣದವರು ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ, ಒಲೆಗೆ ಕಬ್ಬಿಣದ ಜಾಲರಿಯನ್ನೂ ಎತ್ತರವಾದ ಹೊಗೆಕೊಳವೆಯನ್ನೂ ಇಡಬೇಕು. ಆಗ ಅದೇ ಸಿಪ್ಪೆಯಲ್ಲಿ ಹೆಚ್ಚು ರಸವು ಕುದಿಯುವುದು. ಹಳೆಯ ಟಾಯರು, ಪ್ಲಾಸ್ಟಿಕ್ ಇವುಗಳನ್ನು ಒಲೆಗೆ ಹಾಕುವುದು ಬೆಲ್ಲಕ್ಕೂ ಆಳುಗಳಿಗೂ ವಿಷಪ್ರಾಯವಾದುದು. ನಿಪ್ಪಾಣಿಯ ಬೀಡಿ ತಂಬಾಕು ಬಿಸಿಲಿನಲ್ಲಿಯೇ ಒಣಗುವುದು. ಹುಣಸೂರಿನ ಕಡೆಯ ವರ್ಜೀನಿಯಾ ತಂಬಾಕಿನಂತೆ ಅದಕ್ಕೆ ಬ್ಯಾರನ್ನಿನ ಬೆಂಕಿ ಬೇಕಾಗಿಲ್ಲ. ಸೂರ್ಯನು ಮಾಡುವ ಕೆಲಸಕ್ಕೆ ಕಟ್ಟಿಗೆಯನ್ನು ಸುಡಬಾರದೆಂಬ ಈ ನೀತಿಯು ಬೇರೆ ಉದ್ದಿಮೆಗಳಿಗೂ ಒಪ್ಪುವುದು. ಹಿಟ್ಟಿನ ಗಿರಣಿ, ಎಣ್ಣೆಯ ಗಿರಣಿ, ಹಾಲಿನ ಕೇಂದ್ರ ಇವುಗಳ ಮಾಳಿಗೆಯ ಮೇಲೆ ಸೌರ ಫಲಕಗಳನ್ನು ಕೂಡಿಸಿದರೆ ಹಗಲಿನ ವಿದ್ಯುತ್ತಿನ ಖರ್ಚು ಇಳಿಯುವುದು.

೮. ಊರಿನ ಮುಖ್ಯರು ಮಾಡತಕ್ಕ ಕೆಲಸ

ಮೇಲೆ ಹೇಳಿದ ಎಕರೆಯಲ್ಲಿ ರವದಿಯನ್ನು ಸುಡದೆ, ಒಂದು ಚೀಲ ಯೂರಿಯಾವನ್ನು ಉಳಿಸಿ, ಪಂಪಿನ ಓಟವನ್ನು ಮೂರರಲ್ಲಿ ಒಂದು ಪಾಲು ಇಳಿಸಿದರೆ ಒಟ್ಟು ಲೆಕ್ಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಕಡಮೆಯಾಗುವುದು. ಇದರಲ್ಲಿ ಬೆಳೆಯನ್ನು ಕಡಮೆ ಮಾಡಿಕೊಳ್ಳಬೇಕಾದ ಪ್ರಸಂಗವೇ ಇಲ್ಲ. ಆದರೆ ರವದಿಯ ಕೆಲಸವು ಒಬ್ಬನಿಂದ ಆಗತಕ್ಕದ್ದಲ್ಲ. ಒಬ್ಬನು ರವದಿಯನ್ನು ಹರಡಿ, ನೆರೆಯವನು ಬೆಂಕಿ ಹಚ್ಚಿದರೆ ಮೊದಲು ಉರಿಯುವುದು ಹರಡಿದವನ ಹೊಲವೇ. ಆದಕಾರಣ ಊರಿನ ಪಂಚರೂ ಹಿರಿಯರೂ ಮುಂದಾಗಿ ಈ ಕೆಳಗಿನಂತೆ ಏರ್ಪಾಡು ಮಾಡುವುದು ಅವಶ್ಯವಾಗಿದೆ:

(೧) ಕಟಾವಿನ ಹಂಗಾಮು ಆರಂಭವಾಗುವ ಮೊದಲೇ ಗ್ರಾಮಸಭೆ ಕೂಡಿಸಿ, ಊರಿನ ಶಿವಾರದಲ್ಲಿ ಯಾರೂ ರವದಿಗೆ ಬೆಂಕಿ ಹಚ್ಚಕೂಡದೆಂದು ಒಮ್ಮತದಿಂದ ಗೊತ್ತುಪಡಿಸಬೇಕು.

(೨) ರವದಿ ಪುಡಿ ಮಾಡುವ ಯಂತ್ರವನ್ನು ಸಹಕಾರಿ ಸಂಘದ ಮೂಲಕ ತರಿಸಿ, ಸರದಿಯಂತೆ ಬಾಡಿಗೆಗೆ ಕೊಡಬೇಕು. ಸಣ್ಣ ಹಿಡುವಳಿದಾರರಿಗೆ ಮೊದಲ ಸರದಿಯಿರಲಿ.

(೩) ಕಬ್ಬು ಕಡಿಯುವ ಗುಂಪಿನ ಮುಕಾದಮನೊಡನೆ ಮಾತನಾಡಿ, ಸುಡದೆ ಬುಡಕ್ಕೆ ಕಡಿಯುವ ಕರಾರು ಮಾಡಿಕೊಳ್ಳಬೇಕು. ಹೆಚ್ಚಿನ ಶ್ರಮಕ್ಕೆ ತಕ್ಕ ಕೂಲಿಯನ್ನೂ ಕೊಡಬೇಕು.

(೪) ಪ್ರತಿಯೊಂದು ಹೊಲದ ಮಣ್ಣನ್ನು ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷಿಸಿ, ಚೀಟಿಯನ್ನು ನೋಡಿಯೇ ಗೊಬ್ಬರವನ್ನು ಕೊಳ್ಳಬೇಕು.

(೫) ದೊಡ್ಡ ಹಿಡುವಳಿದಾರರು ತಮ್ಮ ಹೊಲದ ಒಂದು ಎಕರೆಯನ್ನಾದರೂ ಈ ಕ್ರಮದಿಂದ ಬೆಳೆದು, ಗೊಬ್ಬರದ ಚೀಲಗಳ, ಪಂಪಿನ ತಾಸುಗಳ ಮತ್ತು ಕಬ್ಬಿನ ತೂಕದ ಲೆಕ್ಕವನ್ನು ಬರೆದಿಡಬೇಕು. ಮಗ್ಗುಲಿನ ಸುಟ್ಟ ಎಕರೆಯ ಲೆಕ್ಕವನ್ನೂ ಜೊತೆಗಿಟ್ಟು ಎಲ್ಲರಿಗೂ ತೋರಿಸಬೇಕು.

ಉಪದೇಶಕ್ಕಿಂತ ಕಣ್ಣಾರೆ ಕಂಡ ಹೊಲವು ಒಕ್ಕಲಿಗನಿಗೆ ಹೆಚ್ಚು ಕಲಿಸುವುದು. ಒಂದು ಕುಳೆಯ ಹಂಗಾಮು ಮುಗಿಯುವಷ್ಟರಲ್ಲಿ ಎರಡು ಎಕರೆಗಳ ಲೆಕ್ಕವು ಒಂದರ ಪಕ್ಕದಲ್ಲೊಂದು ನಿಲ್ಲುವುದು. ಬೆಂಕಿಯಿಂದ ಉಳಿದದ್ದೇನು, ಬೆಂಕಿಗೆ ಹೋದದ್ದೇನು ಎಂಬುದನ್ನು ಆಗ ಊರಿನವರೇ ತಮ್ಮ ತಮ್ಮೊಳಗೆ ತೀರ್ಮಾನಿಸಿಕೊಳ್ಳಬಹುದು.